ಎಡಗಿವಿಯ ಗುರುತು

ಸೆಪ್ಟೆಂಬರ್ ಅರ್ಧ ಕಳೆದು, ದಕ್ಷಿಣದ ಆ ನಾಡಿಗೆ ವಸಂತ ಬಂದಿರಬೇಕಾಗಿದ್ದರೂ ತೊಟ್ಟಿಯ ನೀರಿನ ಮೇಲಿನ ಮಂಜುಗಡ್ಡೆಯನ್ನು ಬೂಟಿನ ಹಿಮ್ಮಡಿಯಿಂದ ಒಡೆಯಬೇಕಾಗಿತ್ತು. ನೋಲಾ ಒಡೆದು, ಚೂರುಗಳನ್ನು ಬರಿಗೈಯಲ್ಲೇ ಎತ್ತಿ ಹೊರಗೆಸೆದು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗುಡ್ಡದ ಕಡೆ ನಡೆದಳು. ಬೆಳಗಿನ ಸುತ್ತು ಅವಳ ಕೆಲಸ. ಗಬ್ಬದ ಕುರಿಗಳು ಹೊಟ್ಟೆಯ ಭಾರಕ್ಕೆ ಬೆನ್ನ ಮೇಲೆ ಉರುಳಿ ಏಳಲಾಗದೆ ಬಿದ್ದಿರುತ್ತವೆ. ಉಣ್ಣೆ ಹಿಡಿದು ಎಬ್ಬಿಸಿ, ಕಾಲು ನಿಲ್ಲುವವರೆಗೂ ಮೊಣಕಾಲಿಗೆ ಆನಿಸಿಕೊಂಡು ನಿಲ್ಲಬೇಕು. ಹೊಳೆಯಂಚಿನ ಕೋಫೈ ಮರಗಳು ಈ ಹೊತ್ತಿಗೆ ಹಳದಿ ಹೂ ಬಿಡಬೇಕಿತ್ತು. ಮೊಗ್ಗುಗಳು ಇನ್ನೂ ಕಂದುಬಣ್ಣದಲ್ಲೇ ಮುದುಡಿಕೊಂಡಿದ್ದವು. ಹುಲ್ಲಂತೂ ಬೆರಳುದ್ದವೂ ಎದ್ದಿರಲಿಲ್ಲ.

ಮೇಲಿನ ಬೇಲಿಯೊಳಗೆ ಅವಳ ಸ್ವಂತ ಕುರಿಗಳಿದ್ದವು. ತಾಯಿ ಸತ್ತ ಮರಿಯನ್ನು ಬಾಟಲಿ ಹಾಲು ಕೊಟ್ಟು ಸಾಕಿದವರಿಗೆ ಆ ಮರಿ ಸೇರಬೇಕು ಎಂಬುದು ಆ ಕಣಿವೆಯಲ್ಲಿ ಎಲ್ಲರೂ ನಡೆಸಿಕೊಂಡು ಬಂದ ರೂಢಿ. ಮನೆಯ ಮಕ್ಕಳು ಹಾಗೆ ಒಂದೆರಡು ಸಾಕಿ, ದೊಡ್ಡವರಾದಂತೆ ಮರೆಯುತ್ತಾರೆ. ನೋಲಾ ಮರೆಯಲಿಲ್ಲ. ಒಂಬತ್ತನೆಯ ವಯಸ್ಸಿಗೆ ಅನಾಥಾಲಯದಿಂದ ಈ ಮನೆಗೆ ಬಂದವಳು. ಬಂದ ದಿನ ಮನೆಯ ಯಜಮಾನಿ ಇಸೊಬೆಲ್ ಅವಳಿಗೆ ತೊಡಿಸಿದ್ದ ಕೋಟಿನ ಕೊರಳಪಟ್ಟಿಯಲ್ಲಿ ಜೀನ್ ಎಂದು ಹೊಲಿದಿತ್ತು. ಹಿಂದಿನ ವರ್ಷ ಹೊಳೆಯಲ್ಲಿ ಮುಳುಗಿ ಹೋದ ಇಸೊಬೆಲ್‌ಳ ಮಗಳ ಹೆಸರು. ಅಂದಿನಿಂದ ಪ್ರತಿ ವಸಂತದಲ್ಲೂ ಸಾಕಿದ ಮರಿಗಳು ಮರಿ ಹಾಕಿ, ಈಗ ಒಂದು ಸಣ್ಣ ಹಿಂಡೇ ಆಗಿತ್ತು. ಯಾರ ಕುರಿ ಎಂದು ತಿಳಿಯಲು ಕಿವಿಯಂಚನ್ನು ಇಕ್ಕಳದಿಂದ ಕತ್ತರಿಸಿ ಗುರುತು ಮಾಡುತ್ತಿದ್ದರು: ಮನೆಯ ಕುರಿಗಳಿಗೆ ಬಲಗಿವಿಗೆ, ಅವಳವಕ್ಕೆ ಎಡಗಿವಿಗೆ. ಕಡಲ ಕಡೆ ಒಂದು ಗೇಣಿ ಜಮೀನು, ಎರಡು ಕೋಣೆಯ ಮನೆ ನೋಡಿಟ್ಟಿದ್ದಳು. ಈ ಸಲದ ಮರಿಗಳು ಬದುಕಿದರೆ ಮಾರ್ಚಿನಲ್ಲಿ ಹಿಂಡು ಹೊಡೆದುಕೊಂಡು ಹೊರಟುಬಿಡುವುದು.

ಸುತ್ತು ಮುಗಿಸಿ ಬಂದಾಗ ಲಾಕ್ಲನ್ ಅಂಗಳದಲ್ಲಿ ಹುಲ್ಲಿನ ಕಟ್ಟು ಬಿಚ್ಚುತ್ತಿದ್ದ. ಇಸೊಬೆಲ್‌ಳ ಮಗ; ನೋಲಾಗಿಂತ ಎರಡು ವರ್ಷ ದೊಡ್ಡವನು. ತಂದೆ ಹೋದ ಮೇಲೆ ಜಮೀನೆಲ್ಲ ಅವನದೇ.

"ಉಣ್ಣೆ ಕತ್ತರಿಸೋರು ಇವತ್ತೇ ಬರ್ತಾರಂತೆ," ಎಂದ. "ಆಮೇಲೆ ನವೆಂಬರ್‌ವರೆಗೂ ಪುರುಸೊತ್ತಿಲ್ವಂತೆ."

"ಈ ಚಳೀಲಾ? ಮರಿ ಹಾಕೋ ಮುಂಚೆ ಬೋಳಿಸಿ, ಹಿಮ ಬಿದ್ರೆ?"

"ಸೆಪ್ಟೆಂಬರ್ ಅರ್ಧ ಮುಗೀತು. ಇನ್ನೆಲ್ಲಿ ಹಿಮ?"

"ನಿನ್ನ ಕುರಿ, ನಿನ್ನ ಇಷ್ಟ. ನನ್ನವನ್ನ ಮಾತ್ರ ಮುಟ್ಬೇಡ, ಲಾಕಿ. ಉಣ್ಣೆ ಮೈಮೇಲೇ ಇರ್ಲಿ."

"ಆಯ್ತು ತಾಯಿ, ನಿನ್ನ ರಾಣಿಯರನ್ನ ಯಾರು ಮುಟ್ತಾರೆ!"

ಅವತ್ತು ಇಸೊಬೆಲ್‌ಳನ್ನು ಪಟ್ಟಣಕ್ಕೆ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾಗಿತ್ತು. ಮುದುಕಿಗೆ ಪೊರೆ ಬಂದು ಎದುರಿನ ಮುಖವೂ ಮಸುಕು. ಕಿವಿ ಮಾತ್ರ ಚುರುಕು. ಹಿತ್ತಿಲಲ್ಲಿ ಚಮಚ ಬಿದ್ದರೂ ಯಾವ ಚಮಚ ಎಂದು ಹೇಳುತ್ತಿದ್ದಳು. ಹಿಂದಿರುಗುವಾಗ ಸಂಜೆಯಾಯಿತು. ಗೇಟಿನ ಹತ್ತಿರ ನೋಲಾ ಕಾರು ನಿಲ್ಲಿಸಿದಳು. ಮೇಲಿನ ಬೇಲಿಯೊಳಗೆ ಅವಳ ಕುರಿಗಳು ಬೋಳು ಮೈಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು.

"ಯಾಕೆ ನಿಲ್ಸಿದೆ?" ಎಂದಳು ಇಸೊಬೆಲ್.

"ಅವನು ನನ್ನವನ್ನೂ ಬೋಳಿಸಿದಾನೆ, ಆಂಟಿ."

"ಒಳ್ಳೇದಾಯ್ತಲ್ಲ. ಕೆಲ್ಸ ಉಳೀತು."

ರಾತ್ರಿ ಊಟದ ಹೊತ್ತಿಗೆ ಅವಳು ಕೇಳಿದಾಗ ಲಾಕ್ಲನ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಈ ಚೂರು ಹಿಂಡಿಗೆ ಅವರು ಇನ್ನೊಂದ್ಸಲ ಬರ್ತಾರಾ? ನಿಂಗೆ ಉಪಕಾರಾನೇ ಮಾಡಿದೀನಿ," ಎಂದ.

ಅಕ್ಟೋಬರ್ ಮೊದಲ ವಾರ, ಕುರಿಗಳು ಮರಿ ಹಾಕತೊಡಗಿದ ಮೇಲೆ, ಗಾಳಿ ತಿರುಗಿ ದಕ್ಷಿಣದ ಹಿಮದ ಕಡೆಯಿಂದ ಬೀಸತೊಡಗಿತು. ಮಧ್ಯಾಹ್ನ ಮಳೆ, ಸಂಜೆಗೆ ಆಲಿಕಲ್ಲು, ಆಮೇಲೆ ಹಿಮ. ಕೊಟ್ಟಿಗೆಯಲ್ಲಿ ಹಿಡಿಸುವಷ್ಟು ಕುರಿಗಳನ್ನು ಲಾಕ್ಲನ್ ತುಂಬಿದ, ಎಲ್ಲವೂ ಬಲಗಿವಿಯವು. ಉಳಿದವನ್ನು ಪೈನ್ ಮರಗಳ ಸಾಲಿನ ಮರೆಗೆ ಅಟ್ಟಿದ. ಆ ಸಾಲೂ ತುಂಬಿತು. ನೋಲಾ ತನ್ನವನ್ನು ಹೊಳೆಯ ದಂಡೆಯ ಕೆಳಗೆ ಇಳಿಸಿ, ಸುತ್ತ ಹುಲ್ಲಿನ ಕಟ್ಟುಗಳನ್ನು ಗೋಡೆಯಂತೆ ಪೇರಿಸಿದಳು.

ಬೆಳಗಾದಾಗ ಕಟ್ಟುಗಳ ತುದಿ ಮಾತ್ರ ಕಾಣುತ್ತಿತ್ತು. ಕೋಲಿನಿಂದ ಚುಚ್ಚಿ ಚುಚ್ಚಿ ಹುಡುಕಿದಳು. ಬದುಕಿದ್ದ ಕುರಿಗಳನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದಾಗಿತ್ತು. ಸತ್ತ ತಾಯಿಕುರಿಗಳ ಹೊಟ್ಟೆಗೆ ಒತ್ತಿಕೊಂಡು ಹಲವು ಮರಿಗಳು ಇನ್ನೂ ಉಸಿರಾಡುತ್ತಿದ್ದವು. ಗೋಣಿಯಲ್ಲಿ ತುಂಬಿ ತಂದು, ಅಡುಗೆಮನೆಯ ಕಲ್ಲಿದ್ದಲ ಒಲೆಯ ಪಕ್ಕ ಹಣ್ಣಿನ ಪೆಟ್ಟಿಗೆಗಳಲ್ಲಿ ಮಲಗಿಸಿದಳು. ತೀರಾ ತಣ್ಣಗಾದವನ್ನು ಓವನ್‌ನ ಬಾಗಿಲು ತೆರೆದು ಒಳಗಿಟ್ಟಳು. ಇಸೊಬೆಲ್ ಅದೇ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು, ತಡವರಿಸಿ ಒಂದೊಂದು ಮರಿಯ ಬಾಯೊಳಗೆ ಬೆರಳಿಟ್ಟು ನೋಡುತ್ತಿದ್ದಳು. "ಇದು ಬೆಚ್ಚಗಿದೆ. ಇದು ಇಲ್ಲ," ಎನ್ನುತ್ತಿದ್ದಳು.

ಲಾಕ್ಲನ್ ಒಳಗೆ ಬಂದ. ಹುಬ್ಬಿನ ಮೇಲೆಲ್ಲ ಹಿಮ.

"ಕೊಟ್ಟಿಗೇಲಿ ನನ್ನ ಮರಿಗಳು ತುಳಿತಕ್ಕೆ ಸಿಕ್ಕಿ ಹೋದ್ವು ಕಣೇ. ತಾಯಿಗಳು ಕೆಚ್ಚಲು ತುಂಬ್ಕೊಂಡು ಅರಚ್ತಾ ನಿಂತಿವೆ." ಅವನ ಕಣ್ಣು ಪೆಟ್ಟಿಗೆಗಳ ಮೇಲಿತ್ತು.

"ನನ್ನ ಮರಿ ಕೇಳ್ಬೇಡ."

"ಪುಡಿಹಾಲಲ್ಲಿ ಎಷ್ಟನ್ನ ಉಳಿಸ್ಕೋತೀಯ? ಗಿಣ್ಣುಹಾಲು ಎಲ್ಲಿಂದ ತರ್ತೀಯ?"

ಅದು ಅವಳಿಗೂ ಗೊತ್ತಿತ್ತು. ಮೊದಲ ದಿನ ಗಿಣ್ಣು ಸಿಗದ ಮರಿ ವಾರ ಕಾಣುವುದು ಕಷ್ಟ. ಇನ್ನೊಂದೂ ಗೊತ್ತಿತ್ತು. "ಮರಿ ನಿನ್ನ ಕುರಿ ಹಾಲು ಕುಡಿದು ಅದರ ಹಿಂದೆ ಹೋದ್ರೆ ನಿಂದೇ ಆಗುತ್ತೆ. ರೂಢಿ ನಂಗೆ ಹೇಳಿಕೊಡ್ಬೇಕಾ?"

"ರೂಢಿ ಬಿಡು ಮಾರಾಯ್ತಿ. ಮರಿಗಳ ಬಾಲ ಕತ್ತರಿಸಿ ಗುರುತು ಹೊಡೆಯೋ ದಿನ ನಿನ್ನ ಇಕ್ಕಳ ತಗೊಂಡ್ ಬಾ. ಎಡಗಿವಿಗೆ ನಾನೇ ಹೊಡೀತೀನಿ. ಅಮ್ಮ ಕೂತಿದಾಳಲ್ಲ, ಅವಳೇ ಸಾಕ್ಷಿ. ಕೇಳಿಸ್ತೇನಮ್ಮ?"

"ಕೇಳಿಸ್ತು. ಬಾಗಿಲು ಹಾಕು ಮೊದ್ಲು. ಇರೋ ಶಾಖಾನೂ ಹೋಗ್ತಿದೆ."

ನೋಲಾ ಚಾಕು ಮಸೆದುಕೊಂಡು ಕೊಟ್ಟಿಗೆಗೆ ಹೋದಳು. ಆ ಕೆಲಸಕ್ಕೆ ಮನೆಯಲ್ಲಿ ಅವಳಷ್ಟು ಪಳಗಿದ ಕೈ ಇನ್ನೊಂದಿರಲಿಲ್ಲ. ಸತ್ತ ಮರಿಯ ಚರ್ಮವನ್ನು ಬನಿಯನ್ನಿನಂತೆ ಇಡಿಯಾಗಿ ಸುಲಿದು, ಕಾಲಿನ ತೂತುಗಳಲ್ಲಿ ತನ್ನ ಮರಿಯ ಕಾಲು ತೂರಿಸಿ ತೊಡಿಸಿದಳು. ಕುರಿ ಕಾಲು ಬಡಿಯಿತು, ಬಾಲದ ಬುಡ ಮೂಸಿತು, ಮತ್ತೆ ಮೂಸಿತು. ತನ್ನದೇ ಮರಿಯ ವಾಸನೆ. ಕೊನೆಗೆ ಸುಮ್ಮನೆ ನಿಂತು ಹಾಲು ಬಿಟ್ಟಿತು. ಹೀಗೆ ಒಂದಾದ ಮೇಲೊಂದು. ಮುಂಗಾಲ ಮಂಡಿಯ ಮೇಲೆ ಕರಿಮಚ್ಚೆಯಿದ್ದ ಒಂದು ಹೆಣ್ಣುಮರಿಯನ್ನು ಕೊನೆಯವರೆಗೂ ತನ್ನ ಕೋಟಿನೊಳಗೆ ಇಟ್ಟುಕೊಂಡಿದ್ದಳು. ಅದರ ತಾಯಿಯನ್ನು ಅವಳೇ ಬಾಟಲಿ ಹಾಲು ಕೊಟ್ಟು ಸಾಕಿದ್ದಳು. ಅದಕ್ಕೂ ತೊಡಿಸಿದಳು.

ವಾರದ ಮೇಲೆ, ನಾರತೊಡಗಿದ ಚರ್ಮಗಳನ್ನು ಕತ್ತರಿಸಿ ತೆಗೆದಳು. ಆಗ ಯಾವ ಕುರಿಯೂ ತಕರಾರು ಮಾಡಲಿಲ್ಲ.

ಚಳಿ ಮಾತ್ರ ಹೋಗಲಿಲ್ಲ. ಕೋಫೈ ಹೂ ಬಿಟ್ಟಿತು. ಎರಡು ದಿನಕ್ಕೆ ಆಲಿಕಲ್ಲಿಗೆ ಉದುರಿಹೋಯಿತು. ಹುಲ್ಲಿನ ಕಟ್ಟುಗಳು ಮುಗಿದವು. ಮನೆಯಲ್ಲಿ ಮೂವರೂ ಮಾಂಸದ ಸಾರು, ಆಲೂಗಡ್ಡೆ ಉಂಡು, ಹವಾಮಾನ ಕೇಳಿ ಮಲಗುತ್ತಿದ್ದರು. ನೋಲಾ ಕಡಲ ಕಡೆಯ ಜಮೀನಿನ ಯಜಮಾನನಿಗೆ ಫೋನು ಮಾಡಿ, ಮಾರ್ಚಿನವರೆಗೆ ಅದನ್ನು ಬೇರೆಯವರಿಗೆ ಕೊಡದೆ ಕಾಯಲು ಕೇಳಿಕೊಂಡಳು. ಉಳಿದ ಕುರಿಗಳ ಜೊತೆ ಆ ಮರಿಗಳೂ ಸೇರಿದರೆ ಹೇಗೋ ಸಾಗುತ್ತದೆ ಎಂದು ಅವನಿಗೆ ಹೇಳಿದಳು.

ಕೊಳೆ ಕಟ್ಟಿ ಹುಳ ಬೀಳದಂತೆ ಮರಿಗಳ ಬಾಲ ಕತ್ತರಿಸುವ ದಿನ ನವೆಂಬರ್ ಕೊನೆಗೆ ಬಂತು. ಉಣ್ಣೆಯ ಟೋಪಿ ಹಾಕಿಕೊಂಡೇ ಕೆಲಸ. ನೋಲಾ ಮರಿಯನ್ನು ಹಿಡಿದು ಅಡ್ಡಹಲಗೆಯ ಮೇಲೆ ಕೂರಿಸುವುದು, ಲಾಕ್ಲನ್ ಬಾಲ ಕತ್ತರಿಸಿ ಕಿವಿಗೆ ಗುರುತು ಹೊಡೆಯುವುದು. ಅವಳ ಇಕ್ಕಳವನ್ನು, ಹಿಡಿಗೆ ಕೆಂಪು ನೂಲು ಸುತ್ತಿದ್ದು, ಬೆಳಿಗ್ಗೆಯೇ ಹಲಗೆಯ ಮೇಲೆ ಅವನ ಕೈಗೆ ಸಿಗುವಂತೆ ಇಟ್ಟಿದ್ದಳು. ಇಸೊಬೆಲ್ ಬೇಲಿಯ ಪಕ್ಕ ಕಂಬಳಿ ಹೊದ್ದು, ಚಹಾದ ಫ್ಲಾಸ್ಕ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಕರಿಮಚ್ಚೆಯ ಮರಿ ಬಂತು. ನೋಲಾ ಅದರ ಎಡಗಿವಿಯನ್ನು ಮುಂದೆ ಮಾಡಿ ಹಿಡಿದಳು. "ಇದು ನಂದು. ಇಲ್ಲಿಂದ ಶುರು."

ಲಾಕ್ಲನ್ ಬಾಲ ಕತ್ತರಿಸಿದ. ಕೈಯಲ್ಲಿದ್ದ ತನ್ನ ಇಕ್ಕಳ ಬದಲಿಸಲಿಲ್ಲ. "ತಿರುಗ್ಸು," ಎಂದ.

"ನೀನೇ ಹೇಳಿದ್ದೆ."

"ಹಿಮ ಬಿದ್ದ ದಿನ ನೂರು ಮಾತು ಬರುತ್ತೆ ಬಾಯಲ್ಲಿ. ಎರಡು ತಿಂಗ್ಳು ಯಾರ ಕುರಿ ಹಾಲು ಕುಡೀತು ಇದು? ಯಾರ ಹುಲ್ಲು ತಿಂತು? ನಂಗೂ ಈ ವರ್ಷ ನಷ್ಟಾನೇ, ನೋಲಾ."

"ಆಂಟಿ, ನೀವು ಕೂತಿದ್ರಿ. ಅವನು ಹೇಳಿದ್ದನ್ನ ಕೇಳಿಸ್ಕೊಂಡ್ರಿ."

ಇಸೊಬೆಲ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ಕೈ ನಿಂತಿತು, ಮತ್ತೆ ತಿರುಗಿಸಿತು.

"ವಯಸ್ಸಾದವಳಿಗೆ ಏನು ಕೇಳಿಸುತ್ತೆ, ಏನು ನೆನಪಿರುತ್ತೆ? ಇರೋದು ಒಂದೇ ಮನೆ. ನಿಂಗಿಲ್ಲಿ ಯಾವತ್ತಾದ್ರೂ ಊಟಕ್ಕೆ ಕಮ್ಮಿ ಮಾಡಿದೀವಾ? ಎಲ್ಲಿಗೆ ಹೋಗ್ತೀಯ ಒಬ್ಳೇ, ಸುಮ್ನಿರು."

ದೊಡ್ಡ ಬೇಲಿಯಾಚೆ ತಾಯಿಕುರಿಗಳು ಮರಿಗಳಿಗಾಗಿ ಒಂದೇ ಸಮನೆ ಅರಚುತ್ತಿದ್ದವು. ಮರಿಯ ಬಾಲದ ಬುಡದಿಂದ ರಕ್ತ ನೋಲಾಳ ಮಣಿಕಟ್ಟಿಗೆ ಇಳಿಯುತ್ತಿತ್ತು. ಇಳಿದಷ್ಟೇ ಬೇಗ ತಣ್ಣಗಾಗುತ್ತಿತ್ತು. ಇನ್ನು ಹೆಚ್ಚು ಹೊತ್ತು ಹಿಡಿದರೆ ಅದಕ್ಕೆ ಚಳಿ ಹಿಡಿಯುತ್ತದೆ.

ಅವಳು ಅದನ್ನು ತಿರುಗಿಸಿ ಬಲಗಿವಿ ಮುಂದೆ ಮಾಡಿದಳು. ಲಾಕ್ಲನ್ ಹೊಡೆದ. ಕೆಳಗಿಳಿಸಿದೊಡನೆ ಮರಿ ತಲೆ ಒದರಿಕೊಂಡು, ಬೇಲಿಯ ಸಂದಿಯಲ್ಲಿ ಮೂತಿ ತೂರಿಸಿ ಕಾಯುತ್ತಿದ್ದ ಅವನ ಕುರಿಯ ಹತ್ತಿರ ಓಡಿತು.

ನೋಲಾ ಕೆಂಪು ನೂಲಿನ ಇಕ್ಕಳವನ್ನು ಎತ್ತಿ ಜೇಬಿಗೆ ಹಾಕಿಕೊಂಡಳು. ಇಸೊಬೆಲ್ ಚಹಾದ ಬಟ್ಟಲನ್ನು ಅಂದಾಜಿನ ಮೇಲೆ ಅವಳತ್ತ ಚಾಚಿದಳು. ನೋಲಾ ತೆಗೆದುಕೊಳ್ಳಲಿಲ್ಲ. ಬಾಗಿ ಮುಂದಿನ ಮರಿಯ ಕಾಲು ಹಿಡಿದಳು. ಮುದುಕಿಯ ಕೈ ಬಟ್ಟಲಿನ ಸಮೇತ ಗಾಳಿಯಲ್ಲಿ ಹಾಗೇ ಬಹಳ ಹೊತ್ತು ಚಾಚಿಕೊಂಡಿತ್ತು.