ನಲವತ್ತೇಳನೇ ಹಾಳಿ

ಆ ಜರ್ಮನ್ ಹೆಂಗಸು ಫ್ರಾವ್ ಜೈಡೆಲ್ ಮೊದಲನೇ ದಿನದಿಂದಾನ ನನ್ನ ಮ್ಯಾಲೆ ಕಣ್ಣಾಗ ಎಣ್ಣಿ ಬಿಟ್ಕೊಂಡು ಕುಂತಿದ್ಲು. ಜರ್ಮನಿಯ ಯೇನಾ ಪಟ್ಟಣದ ಹತ್ರ ಒಂದು ಸಣ್ಣ ಊರಾಗ ಚರ್ಚಿನ ಹಳೇ ದಫ್ತರ ಇಟ್ಟ ಕೋಣಿ, ಅದಕ್ಕ ಆಕೀನ ಕಾವಲು. ಚೀಲ ಹೊರಗ, ಪೆನ್ನು ಹೊರಗ, ಪೆನ್ಸಿಲ್ ಒಂದ ಒಳಗ. ಉಳಿದವರಿಗೆ ನಗು, ನಂಗ "ಕೈ ತೊಳದೀರೇನು?"

ಎರಡು ಸಾವಿರದ ಎರಡನೇ ಇಸವಿ ಅದು. ಜರ್ಮನ್ ಸರಕಾರ ಕೊಡ್ತಿದ್ದ ಗ್ರೀನ್ ಕಾರ್ಡ್ ಮ್ಯಾಲೆ ಕಂಪ್ಯೂಟರ್ ಮಂದಿ ಬರ್ತಿದ್ರು, ನಮ್ಮ ಮನಿಯವರು ಬಸವಪ್ರಸಾದರೂ ಹಂಗ ಬಂದವರು. ಆದ್ರ ಧಾರವಾಡದ ನೀಲವ್ವ, ಅಂದ್ರ ನಾನು, ಈ ಊರಿನವರ ಮುನ್ನೂರು ವರ್ಷದ ಕಾಗದ ಯಾಕ ಕೆದಕ್ತಾಳ ಅನ್ನೋದು ಆಕಿಗೆ ತಿಳೀವಲ್ದು. ಇಲ್ಲಿ ಆಗ ಸತ್ತ ದನಾ ಎಳದು ಚರ್ಮ ಸುಲೀತಿದ್ದ ಮಂದಿ ಹೆಸರು ಹುಡುಕ್ತಿದ್ದೆ ನಾ, ಪಿಎಚ್‌ಡಿಗೆ. ಅವರನ್ನ ಮುಟ್ಟಿದವರಿಗೂ ಊರಾಗ ಮರ್ಯಾದಿ ಹೋಗ್ತಿತ್ತಂತ.

ಒಂದೊಂದು ಹಾಳಿಗೆ ಒಂದೊಂದು ನಂಬರಿನ ಕವರು. ಒಂದು ಮಂಗಳವಾರ ಹಾಳಿಯೊಂದು ಜಾರಿ ನನ್ನ ಕಾಲ ಮ್ಯಾಲೆ ಬಿತ್ತು. ಅಯ್ಯ ಶಿವನ! ಕಾಲು ಹತ್ತಿತಲ್ಲ ಅಂತ ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಆಕಿ ಅಲ್ಲಿಂದಾನ ತನ್ನ ಭಾಷಾದಾಗ ಕವರಿನ ನಂಬರ್ ಒದರಿದ್ಲು. ಸಿಟ್ಟಿಲೆ ಕಿವಿಗೆ ಬಿದ್ದ ನಂಬರಿನ ಕವರಿನ್ಯಾಗ ಇಟ್ಟುಬಿಟ್ಟೆ.

ಸಂಜೀಮುಂದ ನೋಡಿದ್ರ ನಲವತ್ತೇಳನೇ ಕವರು ಖಾಲಿ.

"ಮಾರಿ ತನಕ ಒಯ್ದಿದ್ದು ನೋಡೀನಿ. ಎಲ್ಲಿ ಮುಚ್ಚಿಟ್ರಿ?" ಅಂದ್ಲು. ಕೋಣಿಯೊಳಗ ಕುಂತು ಓದೋ ನನ್ನ ಕಾರ್ಡ್ ಕಸ್ಗೊಂಡ್ಲು; ಹಾಳಿ ಸಿಗಲಿಲ್ಲಂದ್ರ ಅದು ರದ್ದು. ಎರಡು ವರ್ಷದ ಕೆಲಸ ಹೊಳ್ಯಾಗ ಹುಣಸಿಹಣ್ಣು ತೊಳದಂಗ.

ನಂಗೂ ಸಂಶೆ ಬಂತು. ಆ ಹಾಳ್ಯಾಗ ಈಕಿ ಮನೆತನದ ಹೆಸರ ಇರಬೇಕು, ಮರ್ಯಾದಿಗೆ ಅಂಜಿ ಈಕೀನ ಬಚ್ಚಿಟ್ಟಾಳ! "ಮೊದಲು ನಿಮ್ಮ ಮೇಜಿನ ಖಾನೆ ತೆಗೀರಿ" ಅಂದೆ. ಆಕಿ ಮಾರಿ ಕೆಂಪಗಾತು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಕೊಂಡ್ಲು ನೋಡು ಅನ್ಕೊಂಡೆ. ಖಾನ್ಯಾಗ ಇದ್ದದ್ದು ಕಣ್ಣಿಗೆ ಹಾಕೋ ಒಂದು ಚಾಳೀಸು, ಅರ್ಧ ತಿಂದ ಬ್ರೆಡ್ಡು.

ಇಬ್ಬರೂ ಮುಖ ಗಂಟು ಹಾಕ್ಕೊಂಡು ಒಂದೊಂದ ಕವರು ಬಿಚ್ಚಿದ್ವಿ. ಎಪ್ಪತ್ನಾಲ್ಕರಾಗ ಎರಡು ಹಾಳಿ! ಅದರಾಗ ಒಂದು ನಲವತ್ತೇಳನೇದು. ಈ ಜರ್ಮನ್ ಮಂದಿ ನಲವತ್ತೇಳಕ್ಕ 'ಏಳು ಮತ್ತ ನಲವತ್ತು' ಅಂತಾರ. ನಮ್ಮ ಕಿವಿಗೆ ಮೊದಲು ಏಳು ಬಿದ್ರ ಕೈ ಎಪ್ಪತ್ತಕ್ಕ ಹೋಗತೈತಿ. ತಪ್ಪು ನಂದ.

"ಮತ್ತ ಮಾರಿಗೆ ಯಾಕ ಒತ್ತಿದ್ರಿ?" ಅಂದ್ಲು.

"ಕಾಲು ಹತ್ತಿತ್ತು. ಬರದ ಕಾಗದ ನಮಗ ದೇವರಿದ್ದಂಗ."

ಆಕಿ ನನ್ನ ಕಾರ್ಡ್ ತಿರುಗಿ ಕೊಟ್ಟು, ಆ ಹಾಳಿ ಓದಿದ್ಲು: "ದನಾ ಸುಲಿಯುವವನ ಮಗಳು ಸತ್ತಳು. ಹೆಣಕ್ಕೆ ಯಾರೂ ಹೆಗಲು ಕೊಡಲಿಲ್ಲ." ಅಷ್ಟ. ಹೆಸರಿಲ್ಲ.

"ಒಂದು ಹೆಸರು ಬರಿಯಾಕ ಏನು ಧಾಡಿ ಆಗಿತ್ತು ನಿಮ್ಮ ಮಂದಿಗೆ?" ಅಂತ ಜೋರು ಮಾಡಿದೆ.

"ನಿಮ್ಮ ಊರಾಗ ದನಾ ಸುಲಿಯೋ ಕೆಲಸ ಯಾರು ಮಾಡ್ತಿದ್ರು?" ಕೇಳಿದ್ಲು.

"ಒಬ್ಬ ಮುದುಕ ಬರ್ತಿದ್ದ." ನಮ್ಮ ಹಿತ್ತಲದಾಗ ಬಗ್ಗಿ ನೀರಿಗೆ ಬೊಗಸಿ ಒಡ್ಡತಿದ್ದ. ತಂಬಿಗಿ ಹತ್ತದಂಗ ಮ್ಯಾಲಿಂದ ನೀರು ಹಾಕ್ತಿದ್ದಾಕಿ ನಾನ.

ಫ್ರಾವ್ ಜೈಡೆಲ್ ಚಾಳೀಸು ಏರಿಸಿ ನನ್ನ ನೋಡಿದ್ಲು.

"ಏನು ಅವನ ಹೆಸರು?"

ನಂಗ ಗೊತ್ತಿರಲಿಲ್ಲ.