ಹಿರಾಗ ಮೇಷ್ಟ್ರ ಹೆಬ್ಬಾಗಿಲು

ಕೋಟೆಯ ಕೆಳಗಿನ ನಮ್ಮ ಬೀದಿಯಲ್ಲಿ ಸಮುರಾಯ್ ಮನೆಗಳು ಇನ್ನೂ ಕೆಲವು ಉಳಿದಿವೆ. ಎಲ್ಲಕ್ಕೂ ಮಣ್ಣಿನ ಗೋಡೆ, ಹೆಂಚು ಹೊದಿಸಿದ ಹೆಬ್ಬಾಗಿಲು. ಹಿರಾಗ ಮೇಷ್ಟ್ರ ಮನೆಗೆ ಮಾತ್ರ ಬಾಗಿಲಿರಲಿಲ್ಲ. ಸಂಸ್ಥಾನ ಹೋಗಿ ಸಂಬಳ ನಿಂತಾಗ ಅವರ ಹಿರಿಯರು ಅದನ್ನು ಬಿಚ್ಚಿ ಮಾರಿದ್ದರು. ಆ ತೆರಪಿಗೆ ಬಿದಿರಿನ ತಡಿಕೆ. ಬೀದಿ ನೋಡಲು ಬಂದವರು ಅಕ್ಕಪಕ್ಕದ ಬಾಗಿಲುಗಳ ಫೋಟೊ ತೆಗೆದು, ಮೇಷ್ಟ್ರನ್ನು ಕಂಡರೆ "ಇಲ್ಲಿ ಕಾರು ನಿಲ್ಲಿಸಬಹುದಾ?" ಎಂದು ಕೇಳುತ್ತಿದ್ದರು.

ನಿವೃತ್ತರಾದ ವರ್ಷ ಮೇಷ್ಟ್ರಿಗೆ ಆ ಮಾತು ಸಹಿಸಲಾಗಲಿಲ್ಲ. ಬಾಗಿಲು ಎಲ್ಲಿದೆಯೆಂದು ಊರಿಗೆಲ್ಲ ಗೊತ್ತಿತ್ತು. ಹೊಳೆಯಾಚೆ ಊರವರು ಸ್ನಾನಕ್ಕೆ ಹೋಗುವ ಬಿಸಿನೀರಿನ ಮನೆಗೆ ಅದೇ ಬಾಗಿಲು. ಹೂರಣದ ಸಿಹಿಯ ಪೆಟ್ಟಿಗೆ ಹಿಡಿದು ಅವರು ಹೋದಾಗ, ಬಡಗಿಯಾದ ನಾನು ಬಟ್ಟೆ ಬಿಚ್ಚುತ್ತ ಒಳಗೇ ಇದ್ದೆ. ಯಜಮಾನಿ ಮಸುಯೊ ಗಲ್ಲಾದ ಹಿಂದೆ ಕೂತಿದ್ದಳು.

"ಹೊಸ ಬಾಗಿಲು ನಾನೇ ಮಾಡಿಸಿಕೊಡ್ತೀನಿ ಮಸುಯೊ ಅಕ್ಕ. ನಮ್ಮನೇದು ನಮಗೆ ಬಿಟ್ಟುಕೊಡಿ," ಎಂದರು ಮೇಷ್ಟ್ರು.

"ನಿಮ್ಮೋರು ಎಷ್ಟು ತಲೆಮಾರು ಅದರಡಿ ಓಡಾಡಿದ್ರು?"

ಹಳೆಯದು ಸುಟ್ಟುಹೋದ ಮೇಲೆ ಕಟ್ಟಿದ ಬಾಗಿಲು ಅದು. ಮೇಷ್ಟ್ರು ಲೆಕ್ಕ ಹಾಕಿ "ಮೂರು" ಎಂದರು.

"ನಮ್ಮೋರು ನಾಲ್ಕು. ಅದೂ ಊರನ್ನೆಲ್ಲ ಕರ್ಕೊಂಡು. ನಿಮ್ಮ ಕಾಲದಲ್ಲಿ ನನ್ನಂಥೋಳು ಅದರೊಳಗೆ ಕಾಲಿಡೋಕಾಗ್ತಿತ್ತಾ ಮೇಷ್ಟ್ರೇ?"

ಮೇಷ್ಟ್ರು ಸಿಹಿಯ ಪೆಟ್ಟಿಗೆಯನ್ನು ಗಲ್ಲಾದ ಮೇಲಿಟ್ಟರು.

"ಬಂದಿದ್ದೀರಿ, ಸ್ನಾನ ಮಾಡ್ಕೊಂಡು ಹೋಗಿ. ಮನಸ್ಸೂ ಹಗುರಾಗತ್ತೆ."

ಅವರು ಬಂದು ನನ್ನ ಪಕ್ಕದಲ್ಲೇ ತೊಟ್ಟಿಗಿಳಿದರು. ಗದ್ದದವರೆಗೆ ಮುಳುಗಿ ಕೂತರು.

ಹೊರಗೆ ಬಂದಾಗ ಹಿತ್ತಿಲಲ್ಲಿ ಮಸುಯೊ ಒಬ್ಬಳೇ ದಪ್ಪ ತೊಲೆಯೊಂದನ್ನು ಒಲೆಯ ಕಡೆಗೆ ಎಳೆಯುತ್ತಿದ್ದಳು. ಮೇಷ್ಟ್ರು ನೋಡಲಾಗದೆ ಇನ್ನೊಂದು ತುದಿ ಹಿಡಿದರು. ನಾನೂ ಕೈ ಹಾಕಿದೆ. ಊರಲ್ಲಿ ಹಳೆಮನೆ ಕೆಡವಿದಾಗಲೆಲ್ಲ ಮರಮಟ್ಟು ಸೌದೆಯಾಗಿ ಅಲ್ಲಿಗೇ ಬರುತ್ತಿತ್ತು. ಆದರೆ ಸೌದೆಮನೆಯ ಮೂಲೆಯಲ್ಲಿ ಕೆಲವು ಕಂಬ, ಹಲಗೆಗಳನ್ನು ಗೋಡೆಗೊರಗಿಸಿ ಚಾಪೆ ಹೊದಿಸಿಟ್ಟಿದ್ದರು.

"ಇವನ್ನ ಯಾಕೆ ಸುಟ್ಟಿಲ್ಲ?" ಮೇಷ್ಟ್ರು ಕೇಳಿದರು.

"ಅದು ಇನಾಬಾ ಮನೆ ಹೆಬ್ಬಾಗಿಲ ಕಂಬ. ಈ ಅಡ್ಡತೊಲೆ ಮೊರಿವಾಕಿಯೋರದ್ದು. ನಮ್ಮ ಯಜಮಾನ್ರು ಒಲೆ ತನಕ ತರೋರು, ವಾಪಸ್ ಇಡೋರು. ಅವರು ಹೋದ ಮೇಲೆ ನಂಗೂ ಅದೇ ರೋಗ."

ಮೇಷ್ಟ್ರು ಚಾಪೆ ಸರಿಸಿ ಕಂಬದ ಮೇಲೆ ಕೈಯಿಟ್ಟು ನಿಂತೇಬಿಟ್ಟರು.

"ನನ್ನ ಬಾಗಿಲು ಕೊಡಲ್ಲ," ಎಂದಳು ಮಸುಯೊ. "ಬೇಕಾದ್ರೆ ಇವನ್ನ ತಗೊಂಡು ಹೋಗಿ."

"ಇವು ನಮ್ಮನೇವಲ್ವಲ್ಲ ಅಕ್ಕ."

"ಇವುಗಳ ಮನೆಗಳೇ ಇಲ್ವಲ್ಲ ಮೇಷ್ಟ್ರೇ."

ಮಾರನೆಯ ದಿನವೇ ಮೇಷ್ಟ್ರು ನನಗೆ ಹೇಳಿಕಳಿಸಿದರು. ಚಳಿಗಾಲವಿಡೀ ಕೆಲಸ ನಡೆಯಿತು. ಒಂದು ಕಂಬ ಗಿಡ್ಡ, ಇನ್ನೊಂದರ ಬುಡ ಕೊಳೆತು ಲಡ್ಡಾಗಿತ್ತು. ಬುಡ ಕತ್ತರಿಸಿ ಹೊಸ ಮರ ಬೆಸೆದೆ, ಗಿಡ್ಡ ಕಂಬಕ್ಕೆ ಎತ್ತರದ ಕಲ್ಲು ಕೊಟ್ಟೆ.

"ತೇಪೆ ಬಾಗಿಲು ಅಂತ ಜನ ನಗಲ್ವೇನಯ್ಯಾ?" ಎಂದರು ಮೇಷ್ಟ್ರು.

"ನಗಲಿ ಬಿಡಿ. ಬಾಗಿಲಂತೂ ಗಟ್ಟಿಯಾಗಿ ನಿಲ್ಲತ್ತೆ."

ಮರಕ್ಕೆ ಬದಲಾಗಿ ಮಸುಯೊ ಏನನ್ನೂ ಒಪ್ಪಲಿಲ್ಲ. ಮೇಷ್ಟ್ರೂ ಬಿಡಲಿಲ್ಲ. ಮಧ್ಯಾಹ್ನವಾಗುತ್ತಲೇ ಹೋಗಿ ಸ್ನಾನದ ಮನೆಯ ಒಲೆ ಹೊತ್ತಿಸತೊಡಗಿದರು. ಮೊದಮೊದಲು ಹುಬ್ಬು ಸುಟ್ಟುಕೊಂಡರು. ನೀರು ಅತಿ ಕಾದಾಗ ಹೆಂಗಸರ ಕಡೆಯಿಂದ ಕೂಗು ಕೇಳುತ್ತಿತ್ತು: "ಮೇಷ್ಟ್ರೇ, ನಮ್ಮನ್ನ ಸ್ನಾನ ಮಾಡಿಸ್ತಿದ್ದೀರೋ, ಬೇಯಿಸ್ತಿದ್ದೀರೋ?" ಹಾಗೆ ನಗಿಸಿಕೊಳ್ಳುತ್ತಲೇ ಅವರು ಒಲೆಯ ಹದ ಕಲಿತರು. ಮೊಣಕಾಲು ನೋವಿಗೆ ಸೋತು ಸ್ನಾನದ ಮನೆಯನ್ನೇ ಮುಚ್ಚುವ ಮಾತಾಡುತ್ತಿದ್ದ ಮಸುಯೊ ಆ ಮಾತು ನಿಲ್ಲಿಸಿದಳು.

ಚೆರ್ರಿ ಹೂ ಉದುರುವ ವೇಳೆಗೆ ಹೆಬ್ಬಾಗಿಲು ಎದ್ದು ನಿಂತಿತು. ಸುದ್ದಿ ಕೇಳಿ ಪಕ್ಕದೂರಿನಿಂದ ಇನಾಬಾ ಮನೆಯ ಮಗಳು ಬಂದಳು. ಈಗ ಅವಳೇ ಅಜ್ಜಿ. ಕಂಬವನ್ನು ಮೇಲಿಂದ ಕೆಳಗೆ ಸವರಿದಳು.

"ಎಂದೋ ಬೂದಿಯಾಗಿರತ್ತೆ ಅಂದ್ಕೊಂಡಿದ್ದೆ," ಎಂದಳು. ಆಮೇಲೆ ಒಳಗೆ ಇಣುಕಿ, "ಒಳಗೆ ಬರಬಹುದಾ?" ಎಂದು ಕೇಳಿದಳು.

ಮೇಷ್ಟ್ರು ಎರಡೂ ಕದಗಳನ್ನು ಪೂರ್ತಿ ತೆರೆದರು. "ಅರ್ಧ ನಿಮ್ಮದೇ ಬಾಗಿಲು, ಕೇಳೋದೇನಮ್ಮ? ಟೀ ಕುಡೀರಿ ಬನ್ನಿ."

ಬಾಗಿಲು ನೋಡಲು ಬಂದಿದ್ದ ಮಸುಯೊ ಅವಳ ತೋಳು ಹಿಡಿದು ಮುಂದೆ ನಡೆದಳು, ಹಿಂದೆ ಮೇಷ್ಟ್ರು. ಎಡಗಡೆಯ ಕದ ನೆಲಕ್ಕೆ ತುಸು ಉಜ್ಜುತ್ತಿತ್ತು. ನಾನು ಉಜ್ಜುಗೊರಡು ತೆಗೆದುಕೊಂಡು ಅದನ್ನು ಹೆರೆಯಲು ಅಲ್ಲೇ ಕೂತೆ.