ಪೆಟ್ಟಿಗೆಯ ಮೇಲಿನ ಒದ್ದೆ ಗೋಣಿ

ಹವಾಮಾನ ಕಚೇರಿಯಲ್ಲಿ ಬೆನ್ನ ಹಿಂದೆ ಅವಳನ್ನು ಗುಡುಗಮ್ಮ ಎಂದು ಕರೆಯುತ್ತಿದ್ದರು. ಮುನ್ಸೂಚನೆ ಬರೆಯುವುದು ಅವಳ ಕೆಲಸ, ಸಿಡುಕುವುದು ಅವಳ ಸ್ವಭಾವ. ಆದರೆ ಅಂದು ಬೆಳಿಗ್ಗೆ ಅವಳಿಗಿದ್ದ ಕೋಪ ದಿನನಿತ್ಯದ್ದಲ್ಲ. ಹಿಂದಿನ ಮಧ್ಯಾಹ್ನ ಅವಳೇ ಬರೆದು ಊರೂರಿಗೆ ಕಳಿಸಿದ್ದಳು: ಗರಿಷ್ಠ ತಾಪಮಾನ ಮೂವತ್ತೆಂಟು ಡಿಗ್ರಿ, ಒಣ ಹವೆ, ಗುಡುಗು ಮಳೆಯ ಸಾಧ್ಯತೆ ಇಲ್ಲ. ಸಂಜೆ ಐದಕ್ಕೆ ಅವಳ ಅಕ್ಕನ ಊರಿನ ಬಯಲಿಡೀ ಆಲಿಕಲ್ಲು ಸುರಿಯಿತು. ಗೋಧಿ ರಾಶಿಗೆ ಟಾರ್ಪಾಲು ಹೊದಿಸಲು ಓಡಿದ್ದ ಅವಳ ಭಾವನಿಂದ ಹತ್ತು ಮಾರು ದೂರದಲ್ಲಿ ಸಿಡಿಲು ಬಿತ್ತು. ಜೀವ ಉಳಿಯಿತು, ಬಲಗಿವಿ ಹೋಯಿತು.

ಆಸ್ಪತ್ರೆಯಿಂದ ಅಕ್ಕ ಫೋನು ಮಾಡಿದ್ದಳು. "ನೀನು ಹೇಳಿದ್ದು ನಂಬ್ಕೊಂಡು ಗೋಧಿ ಹರವಿ ಕೂತ್ವಲ್ಲ, ನಮಗೆ ಬುದ್ಧಿ ಇಲ್ಲ. ಆಕಾಶ ನೋಡೋಕೆ ನಮಗೇನು ಕಣ್ಣಿರ್ಲಿಲ್ವಾ? ನಿನ್ನ ಬಲೂನಿಗಿಷ್ಟು ಬೆಂಕಿ ಹಾಕ!"

ಇವಳು ಜೀವನದಲ್ಲಿ ಮೊದಲ ಸಲ ಅಕ್ಕನ ಬೈಗುಳಕ್ಕೆ ತಿರುಗಿ ಬೈಯದೆ ಫೋನು ಇಟ್ಟಳು.

"ತಪ್ಪು ಯಾರದು ಅಂತ ಸಂಜೆಯೊಳಗೆ ವರದಿ ಬೇಕು," ಎಂದರು ಕಚೇರಿಯ ಸಾಹೇಬರು.

"ಕೊಡ್ತೀನಿ ಸಾರ್. ಯಾರೇ ಆಗಿರ್ಲಿ, ಚರ್ಮ ಸುಲೀತೀನಿ."

ತಪ್ಪು ಎಲ್ಲಿದೆ ಎಂಬುದು ಅವಳಿಗೆ ಅರ್ಧ ಗೊತ್ತೇ ಇತ್ತು. ದಿನಾ ಬೆಳಿಗ್ಗೆ ಕಚೇರಿಯ ಬಲೂನು ಮೇಲೇರಿ ಒಂದು ಅಂಕಿ ಕೊಡುತ್ತದೆ. ಮಧ್ಯಾಹ್ನ ನೆಲದ ಮೇಲಿನ ಗಾಳಿ ಅಷ್ಟು ಕಾದರೆ ಮೋಡ ಉಕ್ಕಿ ಗುಡುಗುತ್ತದೆ, ಕಾಯದಿದ್ದರೆ ಇಲ್ಲ. ನಿನ್ನೆಯ ಅಂಕಿ ನಲವತ್ತು. ಇವತ್ತಿನದೂ ನಲವತ್ತೇ. ಬಯಲಿನ ನಡುವೆ ಎಷ್ಟು ಕಾದಿದೆ ಎಂದು ಒಂದೂವರೆಗೆ ಫೋನು ಮಾಡಿ ಹೇಳುವವನು ಅಲ್ಲಿನ ವೀಕ್ಷಕ. ಆ ವೀಕ್ಷಕ ಅವಳ ಅಪ್ಪ. ನಿವೃತ್ತ ಮೇಷ್ಟ್ರು, ಅಕ್ಕನ ಮನೆಯಲ್ಲೇ ಇರುವವನು, ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಅಂಕಿ ತಪ್ಪಿಸದವನು. ನಿನ್ನೆ ಮೂವತ್ತೆಂಟು ಎಂದಿದ್ದ. ಜೊತೆಗೆ ಗಾಳಿಯ ತೇವಾಂಶ ಅಕ್ಕಪಕ್ಕದ ಕೇಂದ್ರಗಳ ಎರಡರಷ್ಟು. ಕಡು ಬೇಸಗೆಯಲ್ಲಿ ಅಷ್ಟು ತೇವ ಎಲ್ಲಿಂದ ಬಂತೆಂದು ಕೇಳದೆ ಅವಳು ಬರೆದುಕೊಂಡಿದ್ದಳು. ಅದನ್ನು ನೆನೆದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಜೀಪು ಹತ್ತಿ ಒಂದು ಗಂಟೆಗೆಲ್ಲ ಅಕ್ಕನ ಊರಿನ ಹಳೆಯ ಶಾಲೆಯ ಹಿಂದೆ ಇಳಿದಳು. ದಾರಿಯುದ್ದಕ್ಕೂ ಹೊಲಗಳಲ್ಲಿ ಜನ. ನಿನ್ನೆ ನೆಂದ ಗೋಧಿಯನ್ನು ಒಣಗಿಸಲು ಊರಿಗೆ ಊರೇ ಬಯಲಿಗೆ ಬಂದಿತ್ತು. ಶಾಲೆಯ ಹಿಂದಿನ ಬೇಲಿಯೊಳಗೆ ನಾಲ್ಕು ಕಾಲಿನ ಮೇಲೆ ನಿಂತ ಮರದ ಪೆಟ್ಟಿಗೆ. ಗಾಳಿ ಆಡಲೆಂದು ಸುತ್ತಲೂ ಪಟ್ಟಿ ಪಟ್ಟಿಯ ಗೋಡೆ, ಒಳಗೆ ತಾಪಮಾಪಕಗಳು. ಆ ಪೆಟ್ಟಿಗೆಯ ಮೇಲೆ, ಎರಡು ಬದಿಗೂ ಇಳಿಬಿದ್ದ ಗೋಣಿಚೀಲ. ಅಪ್ಪ ಚೊಂಬಿನಿಂದ ಅದರ ಮೇಲೆ ನೀರು ಹೊಯ್ಯುತ್ತಿದ್ದ, ಹೂವಿನ ಗಿಡಕ್ಕೆ ಹೊಯ್ದ ಹಾಗೆ, ಅಷ್ಟೇ ಶ್ರದ್ಧೆಯಿಂದ.

"ಅಪ್ಪಾ!"

ಚೊಂಬು ಕೈಜಾರಿ ಬಿತ್ತು.

"ಏನು ಮಾಡ್ತಿದ್ದೀಯ? ಥರ್ಮಾಮೀಟರಿಗೆ ಸ್ನಾನ ಮಾಡಿಸ್ತಿದ್ದೀಯಾ? ಬುದ್ಧಿ ಎಲ್ಲಿ ಅಡವಿಟ್ಟಿದ್ದೀಯ? ಭಾವ ಅಲ್ಲಿ ಆಸ್ಪತ್ರೆ ಮಂಚದ ಮೇಲೆ ಕಿವಿ ಕಳ್ಕೊಂಡು ಮಲಗಿದಾನೆ, ನೀನಿಲ್ಲಿ ಪೆಟ್ಟಿಗೆಗೆ ತಣ್ಣೀರು ಹಾಕಿ ಮುದ್ದು ಮಾಡ್ತಿದ್ದೀಯ!"

"ಸ್ವಲ್ಪ ಕೇಳು, ಮಗಳೇ..."

"ಕೇಳಲ್ಲ!"

ಗೋಣಿಯನ್ನು ಎಳೆದು ಬೇಲಿಯಾಚೆ ಬಿಸಾಕಿದಳು. ತನ್ನ ಕೈಚೀಲದಿಂದ ಕೈತಾಪಮಾಪಕ ತೆಗೆದು ಶಾಲೆಯ ನೆರಳಿನಲ್ಲಿ ನಿಂತು, ಗಾಳಿ ಚೆನ್ನಾಗಿ ತಾಗಲೆಂದು ಹಗ್ಗ ಹಿಡಿದು ಗಿರಗಿರನೆ ತಿರುಗಿಸಿದಳು. ನಲವತ್ತೂವರೆ. ಮತ್ತೆ ತಿರುಗಿಸಿದಳು. ನಲವತ್ತೂವರೆಯೇ. ಆಗಲೇ ಪಡುವಣದಲ್ಲಿ ಒಂದು ಮೋಡ ಹೂಕೋಸಿನ ಹಾಗೆ ಮೇಲೇಳುತ್ತಿತ್ತು. ಹೊಲದ ತುಂಬ ಜನ.

ಫೋನು ಹಚ್ಚಿ ಕೂಗಿದಳು. "ಸಾರ್, ಗುಡುಗು, ಬಿರುಗಾಳಿ, ಆಲಿಕಲ್ಲು. ಎರಡೇ ಗಂಟೆ ಟೈಮಿದೆ. ಈಗಲೇ ಎಚ್ಚರಿಕೆ ಕಳಿಸಿ."

"ನಿನ್ನೆ ಇಲ್ಲ ಅಂದ್ರಿ, ಇವತ್ತು ಇದೆ ಅಂತೀರಿ. ಪೆಟ್ಟಿಗೆಯ ಅಂಕಿ ಬರದೆ ಹೇಗ್ರೀ ಕಳಿಸೋದು? ಜನ ನಗ್ತಾರೆ."

"ನಗ್ಲಿ ಸಾರ್! ನಗೋಕಾದ್ರೂ ಜನ ಬದುಕಿರ್ಬೇಕಲ್ಲ! ನನ್ನ ಹೆಸರು ಹಾಕಿ ಕಳಿಸಿ. ಸುಳ್ಳಾದ್ರೆ ನಾಳೆಯಿಂದ ನಾನು ಬರಲ್ಲ."

ಕಾಲು ಗಂಟೆಯಲ್ಲಿ ಊರಿನ ಧ್ವನಿವರ್ಧಕ ಕೂಗತೊಡಗಿತು. ಹೊಲಗಳಲ್ಲಿ ಟಾರ್ಪಾಲುಗಳು ಬಿಚ್ಚಿಕೊಂಡವು, ಕೊಯ್ಲಿನ ಯಂತ್ರಗಳು ರಸ್ತೆಗೆ ತಿರುಗಿದವು. ಆಮೇಲೆ ಅವಳು ಅಪ್ಪನ ಕಡೆ ತಿರುಗಿದಳು. ಕೋಪ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ಈಗ ಹೇಳು. ಯಾಕೆ?"

ಅಪ್ಪ ಅವಳ ಕೈ ಹಿಡಿದು, ಪೆಟ್ಟಿಗೆಯ ಗೋಣಿ ಮುಚ್ಚದಿದ್ದ ಬದಿಗೆ ಒತ್ತಿದ. ಮರ ಕಾದ ಬಾಣಲೆಯಂತೆ ಚುರ್ ಎಂದಿತು. ಬಿಳಿ ಬಣ್ಣ ಪೂರಾ ಉದುರಿಹೋಗಿ, ಬಿಸಿಲಿಗೆ ಕಪ್ಪಿಟ್ಟ ಹಲಗೆ ಮಾತ್ರ ಉಳಿದಿತ್ತು.

"ಪೆಟ್ಟಿಗೆ ಬೆಳ್ಳಗಿದ್ರೆ ಬಿಸಿಲು ಹೀರಲ್ಲ. ಕಪ್ಪಾದ ಮೇಲೆ ಎರಡು ಡಿಗ್ರಿ ಜಾಸ್ತಿ ತೋರಿಸ್ತಿತ್ತು. ಗೊತ್ತಿದ್ದೂ ಸುಳ್ಳು ಅಂಕಿ ಕಳಿಸೋದು ಹೇಗೆ? ಅದಕ್ಕೆ ಹತ್ತು ದಿನದಿಂದ ಒದ್ದೆ ಗೋಣಿ ಹಾಕಿದೆ. ಸರಿ ಹೋಗುತ್ತೆ ಅಂದ್ಕೊಂಡೆ. ಅದು ಸರಿಗಿಂತ ಕೆಳಗೆ ಇಳೀತು ಅಂತ ನನಗೆ ತಿಳೀಲಿಲ್ಲ." ಅಪ್ಪ ಬಿದ್ದಿದ್ದ ಚೊಂಬನ್ನು ಎತ್ತಿಕೊಂಡ. "ಅಳಿಯನ ಕಿವಿ ನನ್ನಿಂದ ಹೋಯ್ತಾ?"

ಅವಳಿಗೆ ಹೊಳೆದದ್ದು ಮತ್ತೊಂದು ಕೋಪ.

"ಬಣ್ಣ ಕೇಳ್ಬೇಕಿತ್ತು! ಒಂದು ಡಬ್ಬಿ ಬಣ್ಣಕ್ಕೆ ಬಾಯಿ ಇರ್ಲಿಲ್ವಾ ನಿನಗೆ?"

"ಕೇಳಿದೆ. ಮೂರು ಸಲ ಕೇಳಿದೆ."

"ಯಾವ ದರಿದ್ರದವನು ಕೊಡಲ್ಲ ಅಂದ? ಹೇಳು. ಕುರ್ಚಿ ಮೇಲೆ ಕೂತು ನೊಣ ಹೊಡೆಯೋ ಅಂಥವರಿಂದಲೇ ಇಲಾಖೆ ಹಾಳಾಗಿದ್ದು. ಅವನ ಹೆಸರು ವರದೀಲಿ ಮೊದಲ ಸಾಲಲ್ಲೇ ಬರೀತೀನಿ."

ಅಪ್ಪ ನೆಲ ನೋಡಿದ. "ಬಿಡು, ಹೋಗ್ಲಿ."

"ಬಿಡಲ್ಲ!"

ವೀಕ್ಷಣೆಯ ಪುಸ್ತಕ ಕಸಿದುಕೊಂಡಳು. ಅದರೊಳಗೆ ಮಡಿಸಿಟ್ಟ ಮೂರು ಕಾಗದಗಳಿದ್ದವು. ಮೂರರಲ್ಲೂ ಒಂದೇ ಒಕ್ಕಣೆ: ಈ ವರ್ಷ ಬಣ್ಣ ಪೂರೈಸಲು ಅವಕಾಶವಿಲ್ಲ, ಮುಂದಿನ ವರ್ಷ ಪರಿಶೀಲಿಸಲಾಗುವುದು. ಮೂರರ ಕೆಳಗೂ ಒಂದೇ ಸಹಿ. ಮೊದಲ ಅಕ್ಷರ ಕಾಗದ ಹರಿಯುವಂತೆ ಒತ್ತಿ, ಕೊನೆಗೆ ಬಾಲ ಎಳೆದ ಸಹಿ. ಅವಳದೇ.

ಶುಕ್ರವಾರಗಳು ನೆನಪಾದವು. ಮೇಜಿನ ಮೇಲೆ ಮೊಳದೆತ್ತರ ಕಾಗದ, ಗುಮಾಸ್ತೆ ಪುಟ ತಿರುಗಿಸುತ್ತಾಳೆ, ಇವಳು ಯಾರನ್ನೋ ಬೈಯುತ್ತ ಓದದೆ ಸಹಿ ಜಡಿಯುತ್ತಾಳೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದವರ ತಟ್ಟೆಯ ನೊಣ ಹುಡುಕಲು ಮೂವತ್ತು ಮೈಲಿ ಜೀಪು ಓಡಿಸಿಕೊಂಡು ಬಂದಿದ್ದಳು.

"ನಾನು ಅಕ್ಕನ ಮನೆಗೆ ಬಂದಾಗ ಯಾಕೆ ಹೇಳ್ಲಿಲ್ಲ?" ಎಂದಳು. ದನಿ ಇನ್ನೂ ಜೋರಾಗಿಯೇ ಇತ್ತು, ಆದರೆ ಒಡೆದಿತ್ತು.

"ಕಚೇರಿ ಮಾತು ಊಟದ ಹೊತ್ತಲ್ಲಿ ತರಬೇಡ, ಕಾಗದ ಬರಿ ಅಂತ ನೀನೇ ಹೇಳಿದ್ದೆ."

"ಸಾಹೇಬರಿಗಾದ್ರೂ ದೂರು ಬರೀಬಹುದಿತ್ತಲ್ಲ!"

"ಬರೆಯೋಕೆ ಕೂತೆ," ಎಂದ ಅಪ್ಪ. "ಯಾರ ಮೇಲೆ ಅಂತ ಬರೀಲಿ? ಕೆಳಗೆ ನಿನ್ನ ಸಹಿ ಇತ್ತು."

ಮೂರೂವರೆಗೆ ಗಾಳಿ ಎದ್ದಿತು. ಇಬ್ಬರೂ ಶಾಲೆಯ ಖಾಲಿ ಕೋಣೆಯಲ್ಲಿ ನಿಂತು ನೋಡಿದರು. ಆಲಿಕಲ್ಲು ಜೀಪಿನ ಮೇಲೆ ಬಡಿಯಿತು, ಪೆಟ್ಟಿಗೆಯ ಮೇಲೆ ಬಡಿಯಿತು. ಸಿಡಿಲು ಖಾಲಿ ಹೊಲದಲ್ಲಿ ಎರಡು ಸಲ ಬಿತ್ತು. ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಟಾರ್ಪಾಲುಗಳ ಅಡಿಯಲ್ಲಿ ಗೋಧಿ ಕ್ಷೇಮವಾಗಿತ್ತು.

ಸಾಹೇಬರ ಫೋನು ಬಂತು. "ಭೇಷ್! ಇವತ್ತು ಮರ್ಯಾದೆ ಉಳಿಸಿದ್ರಿ. ನಿನ್ನೆಯದು ಯಾರ ತಪ್ಪು, ಗೊತ್ತಾಯ್ತಾ? ಆ ಮುದುಕ ವೀಕ್ಷಕನದೇ ತಾನೇ? ತೆಗೆದುಹಾಕೋಣ ಬಿಡಿ."

ಅಪ್ಪ ಕಿಟಕಿಯತ್ತ ಮುಖ ಮಾಡಿ ನಿಂತಿದ್ದ.

"ಅವರಿಗೆ ಪೆಟ್ಟಿಗೆಯ ಬಣ್ಣ ಕೊಡದೆ ಮೂರು ಸಲ ಕಾಗದ ಹಿಂತಿರುಗಿಸಿದ್ದಾರೆ ಸಾರ್. ಮುನ್ಸೂಚನೆ ವಿಭಾಗದ ಅಧಿಕಾರಿ."

"ಅದು ನೀವೇ ಅಲ್ವೇನ್ರೀ?"

"ನಾನೇ. ಬರ್ಕೊಳ್ಳಿ."

ಫೋನು ಇಟ್ಟವಳು ಮತ್ತೆ ಎತ್ತಿ ಅಕ್ಕನಿಗೆ ಹಚ್ಚಿದಳು. "ಅಕ್ಕ, ಬೆಳಿಗ್ಗೆ ನೀನು ಬೈದದ್ದು ಸಾಲದು. ಭಾವನ ಕಿವಿ ಹೋಗಿದ್ದು ನನ್ನಿಂದ. ಎಷ್ಟು ಬೇಕಾದ್ರೂ ಬೈಯಿ, ಅಪ್ಪನಿಗೆ ಮಾತ್ರ ಒಂದು ಮಾತೂ ಅನ್ನಬೇಡ."

ಹೆಂಚಿನ ಮೇಲೆ ಆಲಿಕಲ್ಲು ಬಡಿಯುತ್ತಲೇ ಇತ್ತು.

"ಮಳೆ ನಿಂತ ಮೇಲೆ ಆಸ್ಪತ್ರೆಗೆ ಬಾ," ಎಂದಳು ಅಕ್ಕ ಕೊನೆಗೆ. "ಫೋನಲ್ಲಿ ಬೈದ್ರೆ ನಿನಗೆ ನಾಟಲ್ಲ. ಎದುರಿಗೆ ಕೂತ್ಕೋ, ನಿನ್ನ ಭಾವನ ಎಡಗಿವಿಗೂ ಕೇಳಿಸ್ಲಿ."